ನನ್ನ ಆತ್ಮಕಥೆ, ಹೆಂಡತಿಯ ಕೈಬರಹ

ಮೂವತ್ತು ವರ್ಷ ದನಗಳ ಜೊತೆ ಒಡನಾಡಿದ ನನಗೆ ಅವುಗಳ ಒಂದು ಗುಣ ಬಹಳ ಹಿಡಿಸಿದೆ. ಅವು ತಮ್ಮ ನೋವಿನ ವಿಷಯ ಮಾತಾಡುವುದಿಲ್ಲ. ಕಿವಿ ನೋಡಿ, ಕಣ್ಣು ನೋಡಿ, ಸೆಗಣಿ ನೋಡಿ ನಾವೇ ತಿಳಿದುಕೊಳ್ಳಬೇಕು. ನಿವೃತ್ತರಾದ ಮನುಷ್ಯರು ಹಾಗಲ್ಲ. ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ನಿವೃತ್ತರು ಎದುರಾದರೆ ಒಬ್ಬರು ಮಂಡಿಯ ವಿಷಯ ತೆಗೆಯುತ್ತಾರೆ, ಇನ್ನೊಬ್ಬರು ಸೊಂಟದ ವಿಷಯ ತೆಗೆಯುತ್ತಾರೆ, ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ. ನಾನು ಅಂಥವನಲ್ಲ ಎಂದು ಬೀಗುತ್ತಿದ್ದೆ. ಈಗ ನನ್ನ ಬಲಭುಜದ ವಿಷಯ ಸ್ವಲ್ಪ ಹೇಳುತ್ತೇನೆ, ಕೇಳಿ.

ನಾನು ಹೆತ್ತೂರು ಕಡೆ ದನದ ಡಾಕ್ಟರಾಗಿದ್ದವನು. ಬೀಳ್ಕೊಡುಗೆಯ ದಿನ, ಕೊರಳಿಗೆ ಬಿದ್ದ ಹಾರಗಳ ಅಮಲಿನಲ್ಲಿ, ನನ್ನ ಅನುಭವಗಳನ್ನು ಪುಸ್ತಕ ಮಾಡುತ್ತೇನೆಂದು ಮೈಕಿನಲ್ಲಿ ಘೋಷಿಸಿಬಿಟ್ಟೆ. ಅಂದಿನಿಂದ ಸಂತೆಗೆ ಹೋದರೂ ಸಾವಿಗೆ ಹೋದರೂ ಒಂದೇ ಪ್ರಶ್ನೆ: "ಡಾಕ್ಟ್ರೇ, ಪುಸ್ತಕ ಎಲ್ಲಿಗ್ ಬಂತು? ನಮ್ಮ ಹಸ ಐತಾ ಅದ್ರಲ್ಲಿ?" ಐತೆ ಎಂದು ಎಲ್ಲರಿಗೂ ಮಾತು ಕೊಟ್ಟಿದ್ದೆ. ಇನ್ನು ಬರೆಯದಿದ್ದರೆ ಊರಲ್ಲಿ ತಲೆಯೆತ್ತಿ ತಿರುಗುವಂತಿರಲಿಲ್ಲ. ಮೂರನೆಯ ಅಧ್ಯಾಯಕ್ಕೆ ಬರುವ ಹೊತ್ತಿಗೆ ಭುಜ ಹಿಡಿದುಕೊಂಡಿತು. ನಾಲ್ಕು ಸಾಲು ಬರೆಯುವಷ್ಟರಲ್ಲಿ ನೋವು ಕತ್ತಿನಿಂದ ಕಿರುಬೆರಳಿನವರೆಗೆ ಹರಿಯುತ್ತಿತ್ತು. ಅಂಗಿಯ ತೋಳಿಗೆ ಕೈ ತೂರಿಸುವುದಕ್ಕೂ ಹೆಂಡತಿ ಬೇಕಾಯಿತು. ಇದು ಅಂತಿಂಥ ಕೈಯಲ್ಲ. ಕಷ್ಟದ ಹೆರಿಗೆಗಳಲ್ಲಿ ಭುಜದವರೆಗೂ ಹಸುವಿನ ಹೊಟ್ಟೆಯೊಳಗೆ ಹೋಗಿ ಸಿಕ್ಕಿಕೊಂಡ ಕರುಗಳನ್ನು ಲೋಕಕ್ಕೆ ತಂದ ಕೈ. ಅದೀಗ ಒಂದು ಬಾಲ್ ಪೆನ್ನಿಗೆ ಸೋತಿತ್ತು.

ಸಕಲೇಶಪುರದ ಡಾಕ್ಟರು ಪರೀಕ್ಷೆ ಮಾಡಿ, ದಿನಾ ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸಬೇಕು, ವಾಸಿಯಾಗುವುದಕ್ಕೆ ಒಂದು ವರ್ಷವೂ ಹಿಡಿಯಬಹುದು ಎಂದರು. ಮನುಷ್ಯರ ಡಾಕ್ಟರಾಗುವುದು ಎಷ್ಟು ಸುಲಭ ನೋಡಿ! ಎಮ್ಮೆಗೆ ಭುಜ ಹಿಡಿದಿದ್ದರೆ ಗೋಡೆ ಹತ್ತು ಎಂದು ಹೇಳಲಾದೀತೆ?

ಕೊನೆಗೆ ನನ್ನ ಹೆಂಡತಿ ಸರೋಜಳೇ, "ನೀವು ಹೇಳ್ತಾ ಹೋಗಿ, ನಾನ್ ಬರ್ಕೋತೀನಿ" ಎಂದಳು. ಅವಳ ಅಕ್ಷರ ದುಂಡಗಿದೆ. ಮಧ್ಯಾಹ್ನದ ಕಾಫಿ ಮುಗಿಸಿ, ಬೆನ್ನಿಗೆ ದಿಂಬು ಕೊಟ್ಟುಕೊಂಡು, ಭುಜದ ಮೇಲೆ ಬಿಸಿನೀರಿನ ಚೀಲವಿಟ್ಟುಕೊಂಡು, ಹೆಗ್ಗದ್ದೆಯ ಎಮ್ಮೆಯ ಪ್ರಸಂಗ ಶುರುಮಾಡಿದೆ.

"ಅಂದು ಆಕಾಶವೇ ಹರಿದು ಬಿದ್ದಂತೆ ಮಳೆ ಸುರಿಯುತ್ತಿತ್ತು..."

ಪೆನ್ನು ನಿಂತಿತು. "ಯಾವ ಮಳೆ ಕಣ್ರೀ? ನಾವು ಮದುವೆಗೆ ಹೊರಟಿದ್ವಿ. ಬಿಸಿಲು ಚುರುಗುಡ್ತಿತ್ತು. ಮಳೆ ಇದ್ದಿದ್ರೆ ನಾನು ರೇಷ್ಮೆ ಸೀರೆ ಉಡ್ತಿದ್ನಾ?"

ಇರಲಿ, ಮಳೆ ತೆಗಿ ಎಂದೆ. "ಆ ಮನೆಯಲ್ಲಿ ಒಬ್ಬ ಮುದುಕಿಯನ್ನು ಬಿಟ್ಟರೆ ನರಪಿಳ್ಳೆಯಿರಲಿಲ್ಲ. ನಾನೊಬ್ಬನೇ..."

ಈಗ ಅವಳು ಪೆನ್ನನ್ನು ಮೇಜಿನ ಮೇಲೆಯೇ ಇಟ್ಟಳು. "ಒಬ್ರೇನಾ? ಎಮ್ಮೆ ಬಾಲ ಹಿಡ್ಕೊಂಡು ನಿಂತಿದ್ದೋರು ಯಾರು?"

ನಿಜ ಹೇಳುತ್ತೇನೆ, ನಾನು ಮರೆತೇಬಿಟ್ಟಿದ್ದೆ. ಆ ಮನೆಯ ಗಂಡಸರೆಲ್ಲ ಅದೇ ಮದುವೆಗೆ ಹೋಗಿದ್ದರು. ಮುದುಕಿ ದಾರಿಗೆ ಅಡ್ಡ ಬಂದು, "ಸಾಮಿ, ಎಮ್ಮೆ ಬೆಳಿಗ್ಗೆಯಿಂದ ತಿಣುಕ್ತಾ ಐತೆ" ಎಂದು ನನ್ನನ್ನು ಕೊಟ್ಟಿಗೆಗೆ ಎಳೆದಿದ್ದಳು. ಸರೋಜ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಗಂಟೆ ಬಾಲ ಹಿಡಿದು ನಿಂತಿದ್ದಳು. ಕರು ಬದುಕಿತು, ಸೀರೆ ಕೆಟ್ಟಿತು, ಮದುವೆಯೂಟ ತಪ್ಪಿತು. ಅವಳು ತವರಿನಿಂದ ತಂದಿದ್ದ ಒಂದೇ ರೇಷ್ಮೆ ಸೀರೆ ಅದು. ಈ ಕಥೆಯನ್ನು ಮನೆಗೆ ಬಂದವರಿಗೆಲ್ಲ ನೂರು ಸಲ ಹೇಳಿದ್ದೇನೆ. ನೂರು ಸಲವೂ ಅವಳೇ ಕಾಫಿ ತಂದುಕೊಟ್ಟು ಒಳಗೆ ಹೋಗಿದ್ದಾಳೆ.

"ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ?" ಎಂದು ಕೇಳಿದೆ.

"ಬಾಯಲ್ಲಿ ಹೇಳಿದ್ದು ಗಾಳೀಗ್ ಹೋಗುತ್ತೆ. ಇದು ಅಚ್ಚಾಗೋದು. ನನ್ನ ಕೈಯಲ್ಲಿ ಸುಳ್ಳು ಬರ್ಸ್‌ಬೇಡಿ ಮಾರಾಯ್ರೆ."

ನನಗೆ ನಾಚಿಕೆಯಾಯಿತು. ಭುಜಕ್ಕಿಂತ ಬೇರೆ ಎಲ್ಲೋ ನೋವಾಯಿತು. ಆದರೂ ಗಂಡಸು ನೋಡಿ, ಬಾಲ ಹಿಡಿಯುವುದು ವೈದ್ಯಕೀಯವಾಗಿ ಅಂಥ ಮುಖ್ಯ ಕೆಲಸವಲ್ಲ ಎಂದು ವಾದಿಸಿದೆ. ಅವಳು ಅದನ್ನೂ ಬರೆದುಕೊಂಡಳು.

ಹೀಗೆ ಜಗಳವಾಡುತ್ತಲೇ ಎಂಟು ಅಧ್ಯಾಯ ಮುಗಿದವು. ನಮ್ಮ ಹಳೆಯ ಕಾಂಪೌಂಡರ್ ನಿಂಗಪ್ಪನಿಗೆ ಓದಿ ಹೇಳುವುದು ನನ್ನ ರೂಢಿ. ನನ್ನ ಮೊದಲ ಎರಡು ಅಧ್ಯಾಯಗಳಿಗೆ ಆಕಳಿಸಿದ್ದವನು ಇವಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಈಗ ಕೈ ಪಳಗೈತೆ ನೋಡಿ ಡಾಕ್ಟ್ರೇ!" ಎಂದ. ಯಾರ ಕೈ ಎಂದು ನಾನು ತಿದ್ದಲು ಹೋಗಲಿಲ್ಲ.

ಈ ನಡುವೆ ಗೋಡೆ ಹತ್ತಿ ಹತ್ತಿ ಭುಜ ಸಡಿಲವಾಗತೊಡಗಿತು. ಸರೋಜ ಆಲೂರಿಗೆ ತಂಗಿಯ ಮನೆಗೆಂದು ಹೋದ ಎರಡು ದಿನಗಳಲ್ಲಿ ಬಾಗಿಲು ಹಾಕಿಕೊಂಡು ಒಂಬತ್ತನೆಯ ಅಧ್ಯಾಯವನ್ನು ನಾನೇ ಬರೆದೆ. ನೋವೇ ಇಲ್ಲ! ಖುಷಿಯಿಂದ ಓದಿಕೊಂಡೆ. ಪುಟಪುಟದಲ್ಲೂ ಮಳೆ, ಮಳೆಯ ನಡುವೆ ನಾನೊಬ್ಬನೇ. ನನಗೇ ಆಕಳಿಕೆ ಬಂತು. ಹಾಳೆಗಳನ್ನು ಹರಿದು ನೀರೊಲೆಗೆ ಹಾಕಿದೆ.

ಸರೋಜ ಬಂದವಳೇ, "ಭುಜ ಹೆಂಗೈತ್ರೀ?" ಎಂದು ಕೇಳಿದಳು.

"ಏನು ಹೇಳಲಿ, ಹಾಗೇ ಇದೆ. ಒಂದಿಷ್ಟೂ ಎತ್ತಕ್ಕಾಗಲ್ಲ. ಇನ್ನೊಂದು ವರ್ಷ ನೀನೇ ಬರೀಬೇಕೋ ಏನೋ" ಎಂದು ನರಳಿದೆ.

ಅವಳು ನೋಟ್‌ಬುಕ್ ತೆಗೆದು ಬರೆಯುವುದಕ್ಕೇ ಶುರುಮಾಡಿದಳು.

"ನಾನಿನ್ನೂ ಏನೂ ಹೇಳೇ ಇಲ್ಲವಲ್ಲ ಕಣೇ?"

"ಇದಕ್ಕೆ ನೀವು ಹೇಳ್ಬೇಕಾಗಿಲ್ಲ. ನಿಮ್ಮ ಭುಜದ ಅಧ್ಯಾಯ. ಕಣ್ಣಾರೆ ಕಾಣ್ತಾ ಐತಲ್ಲ, ಬಲಗೈಲಿ ತಲೆ ಕೆರ್ಕೊಂಡು ಸುಳ್ಳು ಹೇಳ್ತಿದೀರಿ."

ನಾನು ಮೆಲ್ಲಗೆ ಕೈ ಕೆಳಗಿಳಿಸಿದೆ. ಇಡೀ ಪುಸ್ತಕದಲ್ಲಿ ನಿಂಗಪ್ಪ ಎರಡು ಸಲ ಓದಿಸಿಕೊಂಡದ್ದು ಆ ಅಧ್ಯಾಯವನ್ನೇ.