ಪೇಡದ ಡಬ್ಬಕ್ಕೆ ಮಾವನ ಪಹರೆ

ನಮ್ಮ ಸೋದರಮಾವನಿಗೆ ಕೆಲಸ ಕೊಡದೆ ಪೊಲೀಸ್ ಇಲಾಖೆ ದೊಡ್ಡ ತಪ್ಪು ಮಾಡಿತು! ಕುಣಿಗಲ್ಲಿನ ಈ ಮಹಾನುಭಾವರು ಕಳ್ಳನನ್ನಾದರೂ ನಂಬಿಯಾರು, ಅಂಗಡಿಯ ಹಾಲಿನ ಸಿಹಿಯನ್ನು ಮಾತ್ರ ನಂಬರು. ಪೇಡ ಕಂಡರೆ ಮೂಗು ಮುಂದೆ, ಬಾಯಿ ಹಿಂದೆ.

ಒಮ್ಮೆ ಗುಬ್ಬಿಯ ಅಂಗಡಿಯೊಂದರಲ್ಲಿ ನಾನು ಪೇಡದ ಬೆಲೆ ಇಳಿಸುತ್ತಿದ್ದೆ. ಬರಿಗೈಯಲ್ಲಿ ಪಾತ್ರೆ ವ್ಯಾಪಾರ ಕಟ್ಟಿದವನು ನಾನು. ಚೌಕಾಸಿ ಮಾಡದೆ ಕೊಂಡದ್ದು ನನಗೆ ಜೀರ್ಣವಾಗುವುದಿಲ್ಲ. ಇನ್ನೇನು ಕುದುರಿತು ಎನ್ನುವಾಗ ಮಾವ ಬಾಯಿ ಹಾಕಿದರು.

"ಖೋವಾ ಯಾವತ್ತಿಂದಯ್ಯಾ?"

"ಇವತ್ತಿಂದೇ ಸ್ವಾಮಿ, ಫ್ರೆಶ್ಶು."

"ಹಂಗಾದ್ರೆ ಮೊದ್ಲು ನೀನೊಂದು ತಿನ್ನು."

"ನಂಗೆ ಶುಗರ್ರು ಸ್ವಾಮಿ!"

"ನೋಡ್ಲಾ, ಮಾಡ್ದೋನೇ ತಿನ್ನಲ್ವಂತೆ!" ಎಂದು ನನ್ನ ರಟ್ಟೆ ಹಿಡಿದು ಎಳೆದುಕೊಂಡೇ ಬಂದರು.

ಹುಲಿಯೂರುದುರ್ಗದ ಮದುವೆಯೊಂದರಲ್ಲಿ ಎಲ್ಲರೂ ತಾಳಿ ಕಟ್ಟುವುದನ್ನು ನೋಡುತ್ತಿದ್ದರೆ, ಇವರು ಬಾಸುಂದಿ ಮಾಡುವವನ ಬೆರಳು ನೋಡುತ್ತಿದ್ದರು! "ಗಾಯದ ಕೈಲಿ ಹಾಲು ಮುಟ್ಟಿದ್ರೆ ಬ್ಯಾಕ್ಟೀರಿಯಾ ಇಳೀತದೆ ಕಣೋ. ಆಮೇಲೆ ಎಷ್ಟು ಕಾಯ್ಸಿದ್ರೂ ಅದ್ರ ವಿಷ ಹೋಗಲ್ಲ."

ಅಡುಗೆಯವನು ಕೈ ಮುಗಿದ. "ಯಜಮಾನ್ರೇ, ನನ್ ಜಾತಕನೂ ತರ್ಸ್ಲಾ?"

ಹೋದ ವರ್ಷ ತುಮಕೂರಿನ ಸದಾಶಿವನಗರದ ನಮ್ಮ ಮನೆಯಲ್ಲಿ ಮಗಳ ಹುಟ್ಟುಹಬ್ಬ. ಸಂಜೆಗೆ ಬೀದಿಯ ಮಕ್ಕಳೆಲ್ಲ ಬರುವವರಿದ್ದರು. ಹಿಂದಿನ ದಿನದ ಪೇಡವೆಂದು ಗೊತ್ತಿದ್ದೇ ಅರ್ಧ ಬೆಲೆಗೆ ಹೊಡೆದುಕೊಂಡು ಬಂದಿದ್ದೆ. ಮಾವನಿಗೆ ಹೇಳಿರಲಿಲ್ಲ. ಹೇಳಲು ನನಗೇನು ಹುಚ್ಚೇ?

ಅವರು ಬೆಳಿಗ್ಗೆಯೇ ಬಂದು, ಎರಡು ಪೇಡ ತಿಂದು, ಡಬ್ಬಗಳನ್ನೆಲ್ಲ ತೊಡೆಯ ಮೇಲಿಟ್ಟುಕೊಂಡು ಕುಳಿತರು.

"ನಾಲ್ಕು ಗಂಟೆ ಹೊತ್ತು ಯಾರೂ ಮುಟ್ಟಂಗಿಲ್ಲ. ನಂಗೇನೂ ಆಗ್ಲಿಲ್ಲ ಅಂದ್ರೆ ಮಕ್ಳಿಗೆ ಹಂಚು."

"ಎಲ್ಲಾ ನೀವೇ ಮುಗ್ಸೋ ಪ್ಲಾನಾ ಮಾವ?" ಎಂದೆ. ಮನೆಯವರೆಲ್ಲ ನಕ್ಕರು. ನಾನು ಸ್ವಲ್ಪ ಜೋರಾಗಿಯೇ ನಕ್ಕೆ.

ಮೂರು ಗಂಟೆ ಕಳೆಯುವಷ್ಟರಲ್ಲಿ ಮಾವ ಬಚ್ಚಲಿಗೆ ಓಡಿದರು. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಲ್ಲಿ ಮಲಗಿದ್ದರು, ಕೈಗೆ ಡ್ರಿಪ್. ಕೇಳದಿದ್ದರೂ ಒಂದು ಬುದ್ಧಿಮಾತು ಹೇಳುತ್ತೇನೆ: ಪಾತ್ರೆಗೆ ಎಷ್ಟಾದರೂ ಚೌಕಾಸಿ ಮಾಡಿ, ಹಾಲಿನ ಸಿಹಿಗೆ ಬೇಡ.

"ಅದು ಹಳೇ ಮಾಲು ಮಾವ. ಗೊತ್ತಿದ್ದೇ ತಂದಿದ್ದೆ," ಎಂದೆ. ಬೈಯುತ್ತಾರೆಂದು ತಲೆ ತಗ್ಗಿಸಿ ಕಾದೆ.

"ಮಕ್ಳು ಯಾರೂ ತಿನ್ಲಿಲ್ಲ ತಾನೆ?"

"ಒಂದೂ ತಿನ್ಲಿಲ್ಲ ಮಾವ."

"ಹಂಗಾದ್ರೆ ಬುಡು," ಎಂದವರು, ಸೂಜಿಯಿಲ್ಲದ ಕೈಯಿಂದ ನನ್ನ ಕೆನ್ನೆ ಒರೆಸಿದರು.