ಹಳ್ಳ ದಾಟಿ ಹಾರಿ ಬಂದ ಡಬ್ಬಿ

ನಮ್ಮ ಕಡೆ ಊರಿಗೆ ಹೊಸದಾಗಿ ಏನೇ ಬರಲಿ, ಅದನ್ನು ಕಾಯುವ ಕೆಲಸ ಸಾಲಿ ಮಾಸ್ತರನ ಪಾಲಿಗೆ ಬರುತ್ತದೆ. ಕಾಯುತ್ತ ನಿಂತವನ ಕಣ್ಣೆದುರು ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಜನಗಣತಿ ಬಂತು, ಕಾದೆ. ಮತಪೆಟ್ಟಿಗೆ ಬಂತು, ರಾತ್ರಿಯಿಡೀ ಕಾದೆ. ಹೋದ ಮಳೆಗಾಲದಲ್ಲಿ ಡ್ರೋನ್ ಬಂತು.

ನಮ್ಮದು ಕಲಘಟಗಿ ತಾಲೂಕಿನಲ್ಲಿ, ತಂಬೂರಿನಿಂದ ಆಚೆಗೆ ಇರುವ ಸಣ್ಣ ಊರು. ಊರಿಗೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳ. ಜೋರು ಮಳೆಯಾದರೆ ಸೇತುವೆಯ ಮೇಲೆಯೇ ನೀರು ಹರಿಯುತ್ತದೆ. ಬಸ್ಸು ಆಚೆಯ ದಂಡೆಯಿಂದಲೇ ತಿರುಗಿ ಹೋಗುತ್ತದೆ. ಎರಡು ವರ್ಷದ ಹಿಂದೆ ಅಂಥದೊಂದು ದಿನ ನನ್ನ ಹೆಂಡತಿಗೆ ಬೇಕಾಗಿದ್ದ ಔಷಧ ಆಚೆಯ ದಂಡೆಯಲ್ಲಿತ್ತು, ಅವಳು ಈಚೆಗಿದ್ದಳು. ಆ ವಿಷಯ ಇಲ್ಲಿ ಇಷ್ಟೇ ಸಾಕು.

ಕಲಘಟಗಿಯಿಂದ ಹಳ್ಳಿಗಳಿಗೆ ಡ್ರೋನಿನ ಮೇಲೆ ಔಷಧದ ಡಬ್ಬಿ ಕಳಿಸುವುದು, ತಿರುಗಿ ಹೋಗುವಾಗ ಅದೇ ಡಬ್ಬಿಯಲ್ಲಿ ರಕ್ತದ ಮಾದರಿ ಒಯ್ಯುವುದು, ಹೀಗೆ ಒಂದು ಮಳೆಗಾಲ ನಡೆಸಿ ನೋಡುವುದು ಎಂದು ಯಾವುದೋ ಕಂಪನಿಯವರು ಒಪ್ಪಿಕೊಂಡಿದ್ದರು. ಸರಿ ಬಂದರೆ ಮುಂದುವರಿಸುವುದು, ಇಲ್ಲವಾದರೆ ಊರನ್ನು ಕೈಬಿಡುವುದು. ಇಳಿಯುವ ಜಾಗ ನಮ್ಮ ಶಾಲೆಯ ಮೈದಾನ. ದನ, ಮಕ್ಕಳು ಒಳಗೆ ಬರದಂತೆ ನೋಡಿಕೊಂಡು, ಕಲಘಟಗಿಯಲ್ಲಿ ಕೂತ ಆಪರೇಟರನಿಗೆ ಫೋನಿನಲ್ಲಿ “ಜಾಗ ಖಾಲಿ ಐತಿ” ಎಂದು ಹೇಳುವುದು ನನ್ನ ಕೆಲಸ. ಆ ಡ್ರೋನ್ ನಮ್ಮೂರಿಗೆ ಬರುವುದು ನಿಲ್ಲಬಾರದು ಎಂದು ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ನನಗಿತ್ತು. ಆದ್ದರಿಂದ ಮುಂದೆ ಹೇಳುವ ಯಾವ ಪ್ರಸಂಗಕ್ಕೂ ಅದು ನಡೆಯುವಾಗ ನಾನು ನಗಲಿಲ್ಲ.

ಹಣೆ ಎಲ್ಲಿದೆ?

ಮೊದಲ ದಿನ ಡ್ರೋನ್ ಸುಣ್ಣದ ಗೆರೆಯೊಳಗೆ ಸರಿಯಾಗಿ ಇಳಿಯಿತು. ಫ್ಯಾನುಗಳು ನಿಂತವು. ನಮ್ಮೂರ ಉಪಕೇಂದ್ರದ ನರ್ಸಬಾಯಿ ಡಬ್ಬಿ ಬಿಚ್ಚಿಕೊಂಡರು. ಅಷ್ಟರಲ್ಲಿ ಹೆಣ್ಣುಮಕ್ಕಳು ಆರತಿ ತಟ್ಟೆ ಹಿಡಿದು ಬಂದರು. ಅವರ ಮುಂದೆ ಶಾಲೆಯ ಹಿಂದಿನ ಮನೆಯ ಮುದುಕಿ. ಊರಿಗೆಲ್ಲ ಆಕೆ ಆಯಿ. ಸಕ್ಕರೆ ಕಾಯಿಲೆ ಇದೆ, ದಿನವೂ ಇನ್ಸುಲಿನ್ ಬೇಕು. ಬಾಯಿಗೆ ಮಾತ್ರ ಯಾವ ಕಾಯಿಲೆಯೂ ಇಲ್ಲ.

“ಇದಕ್ಕ ಗಾಲಿನ ಇಲ್ಲಲ್ಲೋ ಮಾಸ್ತರ. ಲಿಂಬಿಹಣ್ಣ ಎಲ್ಲಿ ಇಡೂದು?”

“ಬ್ಯಾಡ ಬಿಡ್ರಿ ಆಯಿ.”

“ಹೊಸ ಗಾಡಿ ಬಂದೈತಿ, ಬ್ಯಾಡ ಅಂದ್ರ ಹೆಂಗ? ಕಾಲರ ಅದಾವಲ್ಲ, ಕಾಲಿಗೆ ಇಡೂಣು.”

ನಾಲ್ಕು ಕಾಲಿಗೆ ನಾಲ್ಕು ಲಿಂಬೆಹಣ್ಣು ಇಟ್ಟರು. ಕಾಯಿ ಒಡೆದರು. ನಾನು ಎಮ್ಮೆಯೊಂದನ್ನು ಓಡಿಸಿ ಬರುವಷ್ಟರಲ್ಲಿ ಫೋನ್ ಬಂತು. ಆಪರೇಟರನ ದನಿಯಲ್ಲಿ ಗಾಬರಿ.

“ಸರ, ಅಲ್ಲೇನರ ಬೆಂಕಿ ಬಿದ್ದೈತೇನ್ರಿ? ನನ್ನ ಸ್ಕ್ರೀನ್ ಪೂರಾ ಕೆಂಪ ಆಗೈತಿ.”

ಬಗ್ಗಿ ನೋಡಿದೆ. ಹೊಟ್ಟೆಯ ಕೆಳಗಿದ್ದ ಕ್ಯಾಮೆರಾದ ಗಾಜಿಗೆ ದಪ್ಪಗೆ ಕುಂಕುಮ ಮೆತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಪರೇಟರ್, “ಸಾಹೇಬ್ರಿಗೆ ಇದನ್ನ ಏನಂತ ಹೇಳ್ಲಿರಿ?” ಎಂದ. ಹೇಳದಿದ್ದರೂ ನಡೆಯುತ್ತದೆ ಎಂದು ತಿಳಿಸಿ, ಕರ್ಚೀಫಿನಿಂದ ಗಾಜು ಒರೆಸಿದೆ.

ಆಯಿಗೆ ಅದು ಸೇರಲಿಲ್ಲ. “ಹಣಿ ಎಲ್ಲೈತಿ ಅಂತ ಹುಡುಕಿ ಹುಡುಕಿ ಹಚ್ಚೀನಿ. ಇರೂದ ಒಂದ ಕಣ್ಣು, ಅದನ್ನೂ ಒಯ್ದು ಹೊಟ್ಟಿ ಕೆಳಗ ಇಟ್ಟಾರ. ಮಾಡಿದವರಿಗೆ ಬುದ್ಧಿ ಬ್ಯಾಡೇನು?”

ಮೇಲಿನಿಂದ ಕಾಣುವುದು

ಕ್ಯಾಮೆರಾ ಇದೆ ಎನ್ನುವ ಸುದ್ದಿ ಕುಂಕುಮದಿಂದಾಗಿಯೇ ಊರಿಗೆಲ್ಲ ತಿಳಿಯಿತು. ವಾರದೊಳಗೆ ಒಬ್ಬ ಹೆಣ್ಣುಮಗಳು ಶಾಲೆಯ ಬಾಗಿಲಿಗೆ ಬಂದು ನಿಂತಳು. ಅವಳ ಮಗಳು ನಮ್ಮ ನಾಲ್ಕನೆಯ ಇಯತ್ತೆಯಲ್ಲಿದ್ದಾಳೆ. ಮಗಳ ಓದಿನ ವಿಷಯ ಇರಬೇಕು ಎಂದುಕೊಂಡೆ.

“ಸರ, ಅದು ನಮ್ಮ ಹೊಲದ ಮ್ಯಾಲಿಂದ ಹಾದು ಬರತೈತಲ್ಲರಿ?”

“ಹೌದವಾ.”

“ನಮ್ಮ ಯಜಮಾನ್ರು ಹೊಲದಾಗ ಅದಾರೋ, ಗಿಡದ ಬುಡಕ ಇಸ್ಪೀಟ್ ಆಡ್ಕೋತ ಕುಂತಾರೋ, ಒಂಚೂರು ನೋಡಿ ಹೇಳಂತ ಹೇಳ್ರಿ ಆ ಡ್ರೋನಿನವರಿಗೆ.”

ನಾನು ವಿವರವಾಗಿ ತಿಳಿಸಿದೆ. ಆ ಕ್ಯಾಮೆರಾ ಇರುವುದು ಇಳಿಯುವ ಜಾಗ ನೋಡಲಿಕ್ಕೆ ಮಾತ್ರ. ದಾರಿಯಲ್ಲಿ ಅದು ಬಹಳ ಎತ್ತರದಲ್ಲಿ ಹೋಗುತ್ತದೆ. ಕೆಳಗಿರುವುದು ಮನುಷ್ಯನೋ ಮೋಟು ಗಿಡವೋ ಎನ್ನುವುದೂ ತಿಳಿಯುವುದಿಲ್ಲ. ಯಾರೂ ಹೆದರಬೇಕಾಗಿಲ್ಲ. ಬೇಕಾದರೆ ಊರಲ್ಲಿ ಎಲ್ಲರಿಗೂ ನಾನೇ ತಿಳಿಸಿ ಹೇಳುತ್ತೇನೆ ಎಂದೆ.

ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಅಷ್ಟ ಉಪಕಾರ ಮಾಡಬ್ಯಾಡ್ರಿ ಸರ. ನಾಕ ದಿನದಿಂದ ಕಳೆ ತಗ್ಯಾಕ ತಾವ ಹೊಂಟಾರ.”

ಹಾರಿ ಬಂದ ಗುಳಿಗೆ

ನಂತರ ದೊಡ್ಡ ಮಳೆ ಹಿಡಿಯಿತು. ಹಳ್ಳ ಏರಿತು, ಬಸ್ಸು ನಿಂತಿತು. ಆಯಿಯ ಇನ್ಸುಲಿನ್ ಮುಗಿಯುತ್ತ ಬಂದಿತ್ತು. ಮಳೆ ಸುರಿಯುವಾಗ ಡ್ರೋನ್ ಹಾರುವಂತಿಲ್ಲ ಎಂದು ಆಪರೇಟರ್ ಹೇಳಿದ್ದನ್ನು ನಾನು ಆಯಿಗೆ ತಿಳಿಸಬೇಕಾಯಿತು.

ಆಕೆ ನನ್ನನ್ನೇ ದಿಟ್ಟಿಸಿ ನೋಡಿದಳು. “ಬಿಸಲಿದ್ದಾಗ ಬರತೈತಿ, ಮಳಿಯಾದ್ರ ಬರೂದಿಲ್ಲ. ಹಂಗಾರ ಇದು ನಮ್ಮ ಬಸ್ಸಿನ ತಮ್ಮನ ಆತಲ್ಲೋ ಮಾಸ್ತರ.”

ಮರುದಿನ ಮಧ್ಯಾಹ್ನ ಮಳೆ ಬಿಟ್ಟಿತು. ಸೇತುವೆಯ ಮೇಲೆ ಇನ್ನೂ ಸೊಂಟದ ಮಟ್ಟದ ನೀರಿತ್ತು. ನಾನು ಮೈದಾನದಲ್ಲಿ ನಿಂತಿದ್ದೆ. ಡ್ರೋನ್ ಹಳ್ಳದ ಮೇಲಿಂದ, ನೇರವಾಗಿ, ಯಾವ ಅವಸರವೂ ಇಲ್ಲದೆ ಬರುತ್ತಿತ್ತು. ಅದನ್ನೇ ನೋಡುತ್ತಿದ್ದುದರಿಂದ ಫೋನ್ ಬಂದದ್ದು ತಡವಾಗಿ ತಿಳಿಯಿತು.

“ಸರ, ಎಷ್ಟೊತ್ತಿಂದ ಮಾಡಾಕತ್ತೀನ್ರಿ. ಜಾಗಾ ಖಾಲಿ ಐತೇನ್ರಿ?”

ಖಾಲಿ ಐತಿ ಎಂದೆ.

ಆಯಿಗೆ ಇನ್ಸುಲಿನ್ ಸಿಕ್ಕಿತು. ಸಂಜೆ ಕಟ್ಟೆಯ ಮೇಲೆ ಕೂತು ಆಕೆ ಎಲ್ಲರಿಗೂ ಹೇಳಿದಳು: “ಅಗದಿ ಜೋರ ಐತಿ ಈ ಔಷಧ. ಬಸ್ಸಿನಾಗ ಬರೂದು ಕುಲುಕಿ ಕುಲುಕಿ ಅರ್ಧ ಸತ್ವ ದಾರಿಯೊಳಗ ಚೆಲ್ಲಿರತೈತಿ.”

ಮರುದಿನದಿಂದ ನರ್ಸಬಾಯಿಗೆ ತೊಂದರೆ ಶುರುವಾಯಿತು. ಕೆಮ್ಮಿಗೆ, ಜ್ವರಕ್ಕೆ, ಸೊಂಟನೋವಿಗೆ ಬಂದವರೆಲ್ಲ “ಬಸ್ಸಿನ ಗುಳಗಿ ಬ್ಯಾಡ್ರಿ ಬಾಯಾರ, ಹಾರಿ ಬಂದದ್ದು ಕೊಡ್ರಿ” ಎಂದು ಕೂತರು. ಎರಡೂ ಒಂದೇ ಎಂದು ಆಕೆ ಎರಡು ದಿನ ತಿಳಿಸಿ ಹೇಳಿದರು. ಮೂರನೆಯ ದಿನ ಬಸ್ಸಿನಲ್ಲಿ ಬಂದ ಒಂದು ಪೆಟ್ಟಿಗೆ ಗುಳಿಗೆಯನ್ನು ಹಿಡಿದುಕೊಂಡು ಶಾಲೆಗೆ ಬಂದರು.

“ಸರ, ಇದನ್ನ ಡ್ರೋನಿಗೆ ಕಟ್ಟಿ ಮೈದಾನದ ಮ್ಯಾಲೆ ಒಂದ ಸುತ್ತ ಹಾಕಸಾಕ ಬರತೈತೇನ್ರಿ?”

ಪುಕ್ಕಟೆ ಗಾಳಿ

ಮಳೆ ಕಡಿಮೆಯಾಗಿ ಹೆಸರುಕಾಳು ಒಕ್ಕುವ ಕಾಲ ಬಂತು. ಮನೆ ಖರ್ಚಿಗೆಂದು ಸ್ವಲ್ಪ ಹೆಸರು ಹಾಕಿದವರು ಈಗಲೂ ಕೋಲಿನಿಂದ ಬಡಿದು, ಗಾಳಿಗೆ ತೂರುತ್ತಾರೆ. ಈ ಸಲ ಗಾಳಿ ಇರಲಿಲ್ಲ. ಒಂದು ಬೆಳಿಗ್ಗೆ ಬಂದು ನೋಡಿದರೆ ಸುಣ್ಣದ ಗೆರೆಯ ಪಕ್ಕದಲ್ಲಿ ತಾಡಪತ್ರಿ ಹಾಸಿ, ಹೊಟ್ಟು ಸಮೇತ ಹೆಸರಿನ ರಾಶಿ ಸುರಿದಿದೆ. ರೈತ ಮೊರ ಹಿಡಿದು ಆಕಾಶ ನೋಡುತ್ತ ಕೂತಿದ್ದಾನೆ.

“ಇಲ್ಯಾಕ ಹಾಕೀರಿ?” ಎಂದು ಕೇಳಿದೆ.

“ಎಷ್ಟ ಗಂಟೆಕ್ಕ ಬರತೈತ್ರಿ ಸರ ಅದು?”

ಬೇಡ ಎಂದು ಹೇಳುವಷ್ಟರಲ್ಲಿ ಡ್ರೋನ್ ತಲೆಯ ಮೇಲೆಯೇ ಬಂದಿತ್ತು. ಅದರ ಫ್ಯಾನಿನ ಗಾಳಿ ಸಣ್ಣದಲ್ಲ. ಅವನು ತಾಡಪತ್ರಿಯ ಅಂಚಿನಲ್ಲಿ ನಿಂತು ಮೊರದಿಂದ ಸುರಿಯುತ್ತ ಹೋದ. ಕಾಳು ತಾಡಪತ್ರಿಯ ಮೇಲೆ ಬಿತ್ತು, ಹೊಟ್ಟು ಹಾರಿ ಶಾಲೆಯ ಪಡಸಾಲೆಗೆ ಬಂತು. ನನ್ನ ತಲೆಯ ಮೇಲೂ ಬಂತು. ಮರುದಿನ ಅವನ ಪಕ್ಕದಲ್ಲಿ ಮತ್ತೆ ಮೂವರು ತಾಡಪತ್ರಿ ಹಾಸಿದ್ದರು.

ಆಪರೇಟರ್ ಫೋನ್ ಮಾಡಿದ. “ಸರ, ಮಷಿನ್ ಒಳಗ ಹೊಟ್ಟು ಸಿಗಾಕತ್ತೈತ್ರಿ. ಸಾಹೇಬ್ರಿಗೆ ಗೊತ್ತಾದ್ರ ನಿಮ್ಮೂರು ಬಂದ್ ಮಾಡತಾರ ನೋಡ್ರಿ.”

ಅಂದೇ ಸಂಜೆ ನಾಲ್ವರ ಮನೆಗೂ ಹೋಗಿ, ಹೊಟ್ಟು ಸಿಕ್ಕಿ ಯಂತ್ರ ಕೆಟ್ಟರೆ ಊರಿಗೆ ಔಷಧ ಬರುವುದು ನಿಲ್ಲುತ್ತದೆ ಎಂದು ತಿಳಿಸಿದೆ. ಎಲ್ಲರೂ ತಲೆ ಅಲ್ಲಾಡಿಸಿದರು. ಮೊದಲಿನವನು ಮಾತ್ರ ಅಂಗಳದ ತನಕ ನನ್ನನ್ನು ಕಳಿಸಲು ಬಂದು, ಸಮಾಧಾನದಿಂದ ಹೇಳಿದ: “ಖರೆ ಐತ್ರಿ ಸರ. ಔಷಧದ ಜೋಡಿ ಇದು ಬ್ಯಾಡ. ಔಷಧ ಇಲ್ಲದ ದಿವಸ ಒಮ್ಮೆ ಬರೇ ಬಂದು ಹೋಗು ಅನ್ರಿ.”

ಡಬ್ಬಿಯ ಭಾರ

ದಸರೆ ಮುಗಿದ ಮೇಲೆ ಕಂಪನಿಯ ಸಾಹೇಬರು ಊರೂರು ನೋಡಲು ಹೊರಟರು. ಡ್ರೋನ್ ತುಂಬಿದ ಡಬ್ಬಿ ತಂದು ಖಾಲಿ ಡಬ್ಬಿ ಒಯ್ಯುತ್ತಿದ್ದರೆ ಕಂಪನಿಗೆ ಗಿಟ್ಟುವುದಿಲ್ಲ, ಅಂಥ ಊರುಗಳನ್ನು ಬಿಡುತ್ತಾರೆ ಎಂದು ಆಪರೇಟರ್ ಮೊದಲೇ ತಿಳಿಸಿದ್ದ. ನಮ್ಮೂರಿಂದ ಹೋಗುವುದು ವಾರಕ್ಕೆ ನಾಲ್ಕೈದು ರಕ್ತದ ನಳಿಗೆ. ಕೈಬಿಡುವ ಊರುಗಳ ಸಾಲಿನಲ್ಲಿ ನಮ್ಮದೇ ಮೊದಲು ಎಂದು ನಾನು ತಿಳಿದುಕೊಂಡೆ. ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಸಾಹೇಬರು ಆಪರೇಟರನನ್ನು ಕರೆದುಕೊಂಡು ಜೀಪಿನಲ್ಲಿ ಬಂದರು. ಅಂದು ಡ್ರೋನ್ ಹಾರಿಸಲು ಕಲಘಟಗಿಯಲ್ಲಿ ಬೇರೊಬ್ಬ ಕೂತಿದ್ದ. ಡ್ರೋನ್ ಬಂದು ಇಳಿಯಿತು. ನರ್ಸಬಾಯಿ ಔಷಧ ತೆಗೆದುಕೊಂಡು, ರಕ್ತದ ನಳಿಗೆಗಳ ಸಣ್ಣ ಪೆಟ್ಟಿಗೆಯನ್ನು ಒಳಗಿಟ್ಟರು. ನಾನು ಎಂದಿನಂತೆ ದನ ಓಡಿಸಲು ಹೋಗಿ ಬಂದೆ. ಸಾಹೇಬರು ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತು ನರ್ಸಬಾಯಿಗೆ ಮೊದಲ ಪ್ರಶ್ನೆ ಕೇಳಿದರು.

“ಬಾಯಾರ, ಈ ಊರಾಗ ಮಂದಿಗೆ ಎಷ್ಟ ರಕ್ತ ತಗೀತೀರಿ ನೀವು?”

“ಯಾಕ್ರಿ ಸಾಹೇಬ್ರ?”

“ಬ್ಯಾರೆ ಊರಿಂದ ಡಬ್ಬಿ ಹಗುರ ಬರತೈತಿ. ನಿಮ್ಮೂರಿಂದ ಪ್ರತಿ ಸಲ ಬರೋಬ್ಬರಿ ಎರಡು ಕಿಲೋ. ಮಷಿನ್ನ ತೂಕ ಹೇಳತೈತಿ. ಇಷ್ಟು ರಕ್ತ ತಗದ್ರ ಮಂದಿ ಎದ್ದು ಅಡ್ಡಾಡೂದರ ಹೆಂಗ?”

ನರ್ಸಬಾಯಿ ನನ್ನನ್ನು ನೋಡಿದರು. ನಾನು ಆಪರೇಟರನನ್ನು ನೋಡಿದೆ. ಅವನು ಶಾಲೆಯ ಹಂಚುಗಳನ್ನು ನೋಡುತ್ತಿದ್ದ.

“ತಗೀರಿ ಆ ಡಬ್ಬಿ,” ಎಂದರು ಸಾಹೇಬರು.

ನಾನೇ ತೆಗೆದೆ. ನಳಿಗೆಗಳ ಪೆಟ್ಟಿಗೆ ಒಂದು ಮೂಲೆಯಲ್ಲಿತ್ತು. ಉಳಿದ ಜಾಗದಲ್ಲಿ ಬಿಳಿ ಅರಿವೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಪೊಟ್ಟಣ, ಎರಡು ಎಳೆ ಸೌತೆಕಾಯಿ, ಉಂಡೆ.

“ಯಾರು ಇಟ್ಟವರು?”

“ನಾವ ಇಟ್ಟೀವ್ರಿ,” ಎಂದಳು ಕಂಬದ ಹತ್ತಿರ ನಿಂತ ಆಯಿ. “ಮಾಸ್ತರ ದನಾ ಓಡಸಾಕ ಹೋದಾಗ ಸರದಿ ಮ್ಯಾಲೆ ಇಡತೀವಿ. ಇವತ್ತ ನಮ್ಮ ಮನೀದು.”

ನಮ್ಮಲ್ಲಿ ನೆರೆಮನೆಯಿಂದ ಏನಾದರೂ ಬಂದರೆ ಆ ಪಾತ್ರೆಯನ್ನು ಖಾಲಿ ತಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ನನ್ನ ಮನೆಯಲ್ಲಿ ಅದನ್ನು ಮಾಡುತ್ತಿದ್ದವಳು ನನ್ನ ಹೆಂಡತಿ. ಈಗ ಆಯಿಯ ಮನೆಯ ಎರಡು ಡಬ್ಬಿಗಳು ನನ್ನ ಅಡುಗೆಮನೆಯಲ್ಲೇ ಉಳಿದಿವೆ. ಏನು ಹಾಕಿ ಕೊಡಬೇಕೆಂದು ನನಗೆ ತಿಳಿಯುವುದಿಲ್ಲ. ಈ ಪದ್ಧತಿಯನ್ನು ಸಾಹೇಬರಿಗೆ ನಾನು ಎರಡು ಮಾತಿನಲ್ಲಿ ತಿಳಿಸಿದೆ.

“ಮತ್ತ ಎರಡು ಕಿಲೋ ಮೀರಬಾರದು ಅಂತ ನಿಮಗ ಯಾರು ಹೇಳಿದ್ರು?” ಎಂದು ಅವರು ಆಯಿಯನ್ನು ಕೇಳಿದರು.

“ಅದ ಹೇಳ್ತು. ಮೊದಲನೇ ಸಲ ಉಂಡಿ ಹೆಚ್ಚಾಗಿದ್ವು. ಎದ್ದಂಗ ಮಾಡಿ ಹಂಗ ಕುಂತಬಿಡ್ತು. ಫ್ಯಾನ್ ನಿಂತ ಮ್ಯಾಲೆ ನಾಕ ಉಂಡಿ ತಗದ್ವಿ, ಎದ್ದು ಹೋತು. ಅವತ್ತಿಂದ ಅಂಗಡಿ ತಕ್ಕಡಿಲೆ ತೂಗಿ ಇಡತೀವಿ.”

ಸಾಹೇಬರು ಆಪರೇಟರನ ಕಡೆ ತಿರುಗಿದರು. “ಈ ರೊಟ್ಟಿ ಕಲಘಟಗಿಗೆ ಬಂದು ಎಲ್ಲಿ ಹೋಗತಾವು?”

“ಕೆಟ್ಟು ಹೋಗತಾವಂತ...” ಎಂದು ಆಪರೇಟರ್ ಗಂಟಲು ಸರಿ ಮಾಡಿಕೊಂಡ. “ನಾವು ಮೂರು ಮಂದಿ ಊಟದ ಡಬ್ಬಿ ತರೂದು ಬಿಟ್ಟೀವ್ರಿ ಸರ.”

ಯಾರೂ ನಗಲಿಲ್ಲ. ಸಾಹೇಬರು ಆ ರೊಟ್ಟಿಯ ಗಂಟನ್ನು ಎತ್ತಿ ಕೈಯಲ್ಲಿ ತೂಗಿ ನೋಡಿದರು. ನಾನು ಹೆಚ್ಚು ಮಾತಾಡುವವನಲ್ಲ. ಆದರೆ ಅಂದು ಸುಮ್ಮನಿರಲು ಆಗಲಿಲ್ಲ.

“ಸಾಹೇಬ್ರ, ಹಳ್ಳ ಏರಿದಾಗ ಈ ಊರಿಗೆ ಬ್ಯಾರೆ ದಾರಿ ಇಲ್ರಿ. ಅವತ್ತ ಔಷಧ ಬರದಿದ್ರ ಏನಾಗತೈತಿ ಅನ್ನೂದು ನನಗ ಗೊತ್ತೈತಿ. ಈ ಸಲ ಬಂತು. ಮಂದಿ ಅದಕ್ಕ ಇಡತಾರ.”

ಅವರು ನನ್ನ ಮುಖ ನೋಡಿದರು. ಹೇಗೆ ಗೊತ್ತು ಎಂದು ಕೇಳಲಿಲ್ಲ. ಎದ್ದು ಮೈದಾನದ ಅಂಚಿನ ತನಕ ನಡೆದು, ಹಳ್ಳದ ಕಡೆ ನೋಡಿ ತಿರುಗಿ ಬಂದರು.

“ಮುಂದಿನ ಮಳಿಗಾಲಕ್ಕೂ ಬರತೈತಿ. ಅದರ ಮುಂದಿನದಕ್ಕೂ ನಾನು ಹೇಳತೀನಿ. ಆದ್ರ ಡಬ್ಬಿಯೊಳಗ ರೊಟ್ಟಿ ಇವತ್ತಿಂದ ಬಂದ್. ಅದು ಔಷಧದ ಗಾಡಿ. ಅದಕ್ಕ ಭಾರದ್ದು ಒಂದು ಮಿತಿ ಐತಿ. ಗೊತ್ತಾತೇನ್ರಿ ಅಜ್ಜಿ?”

“ಗೊತ್ತಾತ್ರಿ,” ಎಂದು ಆಯಿ ಒಪ್ಪಿಕೊಂಡಳು. ಇಷ್ಟು ಬೇಗ ಒಪ್ಪಿಕೊಂಡದ್ದು ನನಗೆ ವಿಚಿತ್ರವೆನಿಸಿತು.

ಆಕೆ ನಿಧಾನವಾಗಿ ಅಂಗಳಕ್ಕೆ ಇಳಿದು, ಸಾಹೇಬರ ಜೀಪನ್ನು ಒಂದು ಸುತ್ತು ಹಾಕಿದಳು. ಬಗ್ಗಿ ಹಿಂದಿನ ಗಾಲಿಗಳನ್ನು ನೋಡಿದಳು. ಸೀಟಿನ ಹಿಂದಿನ ಜಾಗವನ್ನು ಕೈಯಿಂದ ಅಳೆದಳು. ಅಷ್ಟರಲ್ಲಿ ಓಣಿಯ ಬಾಯಿಗೆ ನಾಲ್ಕೈದು ಹೆಣ್ಣುಮಕ್ಕಳು ಚೀಲ ಹೊತ್ತುಕೊಂಡು ಬಂದು ನಿಂತಿದ್ದರು.

“ಸಾಹೇಬ್ರ,” ಎಂದು ಕರೆದಳು ಆಯಿ, “ಈ ಗಾಡಿಗೆ ಎಷ್ಟ ಕಿಲೋತನಕ ನಡೀತೈತ್ರಿ?”