ಕುಂಬಳಕಾಯಿ ಒಡೆದೋನು ಯಾರು?

ಮೊದಲು ಒಂದು ಒಗಟು. ಮೈಯೆಲ್ಲಾ ಬೂದಿ, ಹೊಟ್ಟೆ ತುಂಬಾ ಕುಂಕುಮ. ದೃಷ್ಟಿ ತೆಗೀತೀನಿ ಅಂತ ಬಂದು ದೃಷ್ಟಿ ಬೀಳಿಸ್ತು. ಒಡೆದಿದ್ದು ತಾನು, ಮುರಿದಿದ್ದು ಇನ್ನೊಬ್ಬರ ಕೈ, ಕಟಕಟೆ ಹತ್ತಿದ್ದು ನಮ್ಮ ಮಾವ. ಏನದು? ಒಡೆದೋರು ಯಾರು?

ಬೂದುಗುಂಬಳಕಾಯಿ ಅಂತ ಅರ್ಧ ಹೇಳಿರ್ತೀರಿ. ಇನ್ನರ್ಧಕ್ಕೆ ತಲೆ ಕೆಡಿಸ್ಕೋಬೇಡಿ, ಅದನ್ನ ಸರ್ಕಾರಾನೇ ಕೇಳಿ ಕೇಳಿ ಸುಸ್ತಾಗಿದೆ. ನಮ್ಮನೇಲಿ ಇಂಥವು ಆಗ್ತಾನೇ ಇರ್ತವೆ. ಬೇರೆಯವರ ಮನೇಲಿ ಹಬ್ಬ ಆದ್ಮೇಲೆ ಪಾತ್ರೆ ತೊಳೀತಾರೆ, ನಮ್ಮನೇಲಿ ಹಬ್ಬ ಆದ್ಮೇಲೆ ಲಾಯರ್ ಹುಡುಕ್ತಾರೆ.

ಬಾಯಿ ಬಿಟ್ಟೋನೇ ಆರೋಪಿ

ಮಾವ ಅಂದ್ರೆ ನಮ್ಮಮ್ಮನ ತಮ್ಮ. ಯಶವಂತಪುರದ ಮಾರ್ಕೆಟ್ಟಿಂದ ಈರುಳ್ಳಿ ಮೂಟೆ ತುಂಬ್ಕೊಂಡು ಹೆಬ್ಬಾಳ, ಯಲಹಂಕ ಅಂತ ಅಂಗಡಿ ಅಂಗಡಿಗೆ ಇಳಿಸೋ ಟೆಂಪೋ ಅವನದ್ದು. ಟೆಂಪೋಗೆ ಬ್ರೇಕ್ ಇದೆ, ಅವನ ಬಾಯಿಗಿಲ್ಲ. ಹೆಣ್ಣು ನೋಡೋಕೆ ಹೋದಲ್ಲೆಲ್ಲಾ ಹುಡುಗಿ ಕಾಫಿ ತಂದಿಡೋಷ್ಟರಲ್ಲಿ ಈರುಳ್ಳಿ ಯಾಕೆ ಕೊಳೆಯುತ್ತೆ ಅಂತ ಶುರು ಮಾಡಿರ್ತಿದ್ದ. ಹಿಂಗೇ ವಯಸ್ಸು ಏರಿ, ಕೂದಲು ಇಳಿದು, ಕೊನೆಗೆ ನಾಗಸಂದ್ರದ ಒಬ್ಬಳು ಕೊಳೆತ ಈರುಳ್ಳಿ ಕಥೆ ಪೂರ್ತಿ ಕೇಳಿ ನಕ್ಕುಬಿಟ್ಟಳು. ಸಂಬಂಧ ಕುದುರಿತು. ಅದರ ಬೆನ್ನಿಗೇ ಆಯುಧಪೂಜೆ ಬಂತು.

"ಒಸಾ ಸಂಬಂದ ಕಣ್ಲಾ. ಊರ್ ಕಣ್ಣೆಲ್ಲಾ ನಮ್ ಉಡುಗನ್ ಮ್ಯಾಗೇ ಐತೆ. ದೊಡ್ ಕಾಯೇ ಒಡೀಬೇಕು," ಅಂತ ಅಜ್ಜಿ ತಾನೇ ಮಾರ್ಕೆಟ್ಟಿಗೆ ಹೋಗಿ, ಗೋಣಿಚೀಲದಷ್ಟು ದಪ್ಪದ ಕಾಯಿ ಆರಿಸಿ, ಹೆಗಲ ಮೇಲೆ ಹೊತ್ಕೊಂಡು ಟೆಂಪೋ ಸ್ಟ್ಯಾಂಡಿಗೆ ಬಂದ್ಳು. ನನ್ನ ಕೈಗೆ ಕೊಡ್ಲಿಲ್ಲ. "ನಿನ್ ಕೈಗ್ ಕೊಟ್ರೆ ಯಾರ್ದಾದ್ರೂ ತಲೆ ಮ್ಯಾಗೆ ಒಡೀತೀಯ" ಅಂದ್ಳು. ಎಸ್ಸೆಸ್ಸೆಲ್ಸಿ ಪಾಸಾಗದಿದ್ರೂ ನನಗೆ ಮರ್ಯಾದೆ ಇದೆ. ಕಡಲೆಪುರಿ ಚೀಲದ ಹತ್ರ ಹೋಗಿ ಜೇಬು ತುಂಬಿಸ್ಕೊಳ್ತಾ ನಿಂತೆ. ಹಿಂದುಗಡೆಯಿಂದ 'ಠಪ್' ಅಂತ ಶಬ್ದ ಕೇಳಿಸ್ತು. ಆಮೇಲೆ 'ಧಡ್' ಅಂತ ಇನ್ನೊಂದು.

ಎರಡನೇ ಶಬ್ದ ಪಕ್ಕದ ಬೀದಿಯ ಸ್ಕೂಟರ್ ಸಾರ್‌ದು. ಸ್ಕೂಟರಲ್ಲಿ ಮೊಸರು ತಗೊಂಡು ಬರ್ತಾ ಇದ್ದೋರು ಕುಂಬಳದ ತಿರುಳಿನ ಮೇಲೆ ಜಾರಿ, ಎಡಗೈ ಮುರ್ಕೊಂಡು, ಕುಂಕುಮ ಮೊಸರಲ್ಲಿ ಮಿಂದು ಕೂತಿದ್ರು. ನೋಡಿದ್ರೆ ಅವರಿಗೇ ಯಾರೋ ಪೂಜೆ ಮಾಡಿದ ಹಾಗಿತ್ತು.

"ಯಾವನ್ರೀ ಇದನ್ನ ಒಡೆದೋನು?" ಅಂತ ಕೂಗಿದ್ರು. ಸ್ಟ್ಯಾಂಡಲ್ಲಿದ್ದ ಡ್ರೈವರ್‌ಗಳೆಲ್ಲಾ ಆಕಾಶ ನೋಡಿದ್ರು. ನಮ್ಮ ಮಾವ ಒಬ್ಬನೇ ಬಾಯಿ ಬಿಟ್ಟ: "ಅಯ್ಯೋ, ಏನಾಯ್ತು ಸಾರ್?"

ಮಾತಾಡಿದೋನು ಸಿಕ್ಕಿಬಿದ್ದ.

ಚಿತ್ರಾನ್ನಕ್ಕೆ ಜಾಮೀನಿಲ್ಲ

ಠಾಣೆ ಸ್ಟ್ಯಾಂಡಿನ ಪಕ್ಕದಲ್ಲೇ. ಸ್ಕೂಟರ್ ಸಾರ್ ದೂರು ಕೊಟ್ಟು, ಮಾರನೇ ದಿನಾನೇ ನೋಟಿಸ್ ಬಂತು. ಮಾವ ದಿಂಬು, ಹೊದಿಕೆ, ಹಲ್ಲುಜ್ಜೋ ಬ್ರಶ್ಶು ಎಲ್ಲಾ ಕಟ್ಕೊಂಡು ಹೊರಟ. ಅಜ್ಜಿ ಡಬ್ಬಿ ತುಂಬಾ ಚಿತ್ರಾನ್ನ ಕಟ್ಟಿದ್ಳು. ನಾನು ಹೋದೆ, ಯಾಕಂದ್ರೆ ಇಂಥದ್ದು ಟಿಕೆಟ್ ಇಲ್ಲದೆ ನೋಡೋಕೆ ಸಿಗಲ್ಲ.

ಹೆಡ್ ಕಾನ್ಸ್‌ಟೇಬಲ್ ಗದಗ ಕಡೆಯವರು. ಕಾನೂನು ಪುಸ್ತಕ ತಿರುವಿ ತಿರುವಿ ಬೆವರ್ತಾ ಇದ್ರು. "ಹಳೇ ಸೆಕ್ಷನ್ ನಂಬರ್ ಎಲ್ಲಾ ಬಾಯಿಪಾಠ ಇದ್ವು ನೋಡ್ರಿ. ಹೊಸಾ ಕಾನೂನು ಬಂದು ಎಲ್ಲಾ ಬದಲಾಗ್ಯಾವ. ಮನಿ ಬದಲಿ ಮಾಡಿದಮ್ಯಾಲ ಚಮಚಾ ಹುಡಕಿದಂಗ ಆಗೇತಿ."

"ಕೊಲೆ ಸೆಕ್ಷನ್ ಕಡೆ ಹೋಗ್ಬೇಡಿ ಸಾರ್, ಸತ್ತಿರೋದು ಕುಂಬಳಕಾಯಿ ಮಾತ್ರ," ಅಂದೆ.

"ಈ ಹುಡುಗನ್ನ ಹೊರಗ ಹಾಕ್ರಿ," ಅಂದ್ರು.

ಕೊನೆಗೆ ಸಿಕ್ತು. ರಸ್ತೇಲಿ ಓಡಾಡೋರಿಗೆ ಅಡ್ಡಿ ಮಾಡಿದ್ದು ಒಂದು, ಅಜಾಗರೂಕತೆಯಿಂದ ಇನ್ನೊಬ್ಬರ ಮೈಗೆ ಪೆಟ್ಟು ಮಾಡಿದ್ದು ಇನ್ನೊಂದು. ಮಾವ ಹೊದಿಕೆ ಕಂಕುಳಲ್ಲಿ ಹಿಡ್ಕೊಂಡು, "ಯಾವ ರೂಮು ಸಾರ್?" ಅಂದ.

"ಏ, ಇದು ಜಾಮೀನು ಸಿಗೋ ಕೇಸ್‌ರೀ. ಜಾಮೀನು ಕೇಳೋದು ನಿಮ್ಮ ಹಕ್ಕು. ಸಹಿ ಮಾಡಿ ಮನಿಗೆ ಹೋಗ್ರಿ. ಕೋರ್ಟು ಕರೆದಾಗ ಬರ್ರಿ."

ಅಜ್ಜಿಗೆ ಬೇಜಾರಾಯ್ತು. "ಅಂಗಾರೆ ನಾನ್ ಕಟ್ಕಂಡ್ ಬಂದಿರೋ ಚಿತ್ರಾನ್ನ?"

ಹೆಡ್ ಸಾಹೇಬರು ಡಬ್ಬಿ ಕಡೆ ನೋಡಿದ್ರು. "ಅದಕ್ಕ ಜಾಮೀನಿಲ್ಲಜ್ಜಿ. ಅದು ಇಲ್ಲೇ ಇರ್ಲಿ."

ಸಾಕ್ಷಿ ನುಂಗಿದ ಹಸು

ಸ್ಥಳ ಮಹಜರು ಅಂತ ಒಂದಿದೆ. ಪೊಲೀಸರು ಘಟನೆ ಆದ ಜಾಗಕ್ಕೆ ಬಂದು, ಇಬ್ಬರನ್ನ ಸಾಕ್ಷಿಗೆ ನಿಲ್ಲಿಸ್ಕೊಂಡು, ಏನೇನು ಬಿದ್ದಿದೆ ಅಂತ ಬರ್ಕೊಳ್ಳೋದು. ಆವತ್ತೇ ಸಂಜೆ ಅವರು ಬರೋ ಮುಂಚೆ ನಾನು ಸ್ವಲ್ಪ ಸಹಾಯ ಮಾಡೋಣ ಅಂತ, ಟೀವಿಲಿ ಹೆಣದ ಸುತ್ತ ಗೆರೆ ಎಳೀತಾರಲ್ಲ, ಹಂಗೆ ಕುಂಬಳಕಾಯಿ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ತಲೆ ಕಡೆ ಒಂದು ಚೆಂಡುಹೂವನ್ನೂ ಇಟ್ಟೆ. ದಾರೀಲಿ ಹೋಗೋ ಒಬ್ಬಮ್ಮ ಕೈ ಮುಗಿದು ಹೋದ್ರು.

ಹೆಡ್ ಸಾಹೇಬರು ಬಂದಾಗ ಗೆರೆ ಇತ್ತು, ಕಾಯಿ ಇರಲಿಲ್ಲ. ಬೀದಿ ಹಸು ಗೆರೆ ದಾಟದೆ ಶಿಸ್ತಾಗಿ ನಿಂತು ಕೊನೇ ಚೂರು ಅಗೀತಾ ಇತ್ತು.

"ಲೇ, ಎಲ್ಲೈತೋ ಕಾಯಿ?"

"ಅದರ ಹೊಟ್ಟೇಲಿದೆ ಸಾರ್. ಹಸೂನ ವಶಪಡಿಸ್ಕೋತೀರಾ?"

ಅವರು ಹಸು ನೋಡಿದ್ರು, ಹಸು ಅವರನ್ನ ನೋಡ್ತು. ಹಸು ಏನೂ ಹೇಳಿಕೆ ಕೊಡ್ಲಿಲ್ಲ. ಈ ಇಡೀ ಕೇಸಲ್ಲಿ ಬುದ್ಧಿ ಇದ್ದಿದ್ದು ಅದೊಂದಕ್ಕೇ.

ಬಾಯಿ ಮುಚ್ಚೋ ತಾಲೀಮು

ಅಷ್ಟರಲ್ಲಿ ನಾಗಸಂದ್ರಕ್ಕೆ ಸುದ್ದಿ ಮುಟ್ತು. ಹುಡುಗಿಯ ಅಪ್ಪ ಫೋನ್ ಮಾಡಿದ್ರು. "ನೋಡಿ, ಕೇಸಿದೆ ಅಂತ ನಾನು ಸಂಬಂಧ ಮುರಿಯಲ್ಲ. ಕೋರ್ಟು ಅಪರಾಧಿ ಅಂತ ಹೇಳಿದ್ರೆ ಮಾತ್ರ ಮುರೀತೀನಿ." ಮಾವ ಆವತ್ತು ಊಟ ಮಾಡ್ಲಿಲ್ಲ. ಅವನ ಪಾಲಿಂದು ನಾನು ಮಾಡಿದೆ.

ವಕೀಲರನ್ನ ಇಟ್ಕೊಳ್ಳೋ ಶಕ್ತಿ ಇಲ್ಲದೋರಿಗೆ ಕೋರ್ಟಿನವರೇ ಉಚಿತವಾಗಿ ಕೊಡ್ತಾರೆ. ಹಂಗೆ ಸಿಕ್ಕಿದ್ದು ನಮ್ಮ ಲಾಯರ್ ಮೇಡಂ. ಚಿಕ್ಕ ವಯಸ್ಸು, ದೊಡ್ಡ ಕಣ್ಣು. ಮಾವನಿಗೆ ಸಮಾಧಾನವಾಗಿ ಹೇಳಿದ್ರು: "ನೀವು ತಪ್ಪು ಮಾಡಿಲ್ಲ ಅಂತ ನೀವು ತೋರಿಸ್ಬೇಕಿಲ್ಲ. ಮಾಡಿದ್ದೀರಿ ಅಂತ ಅವರು ತೋರಿಸ್ಬೇಕು. ನಿಮ್ಮ ವಿರುದ್ಧ ನೀವೇ ಮಾತಾಡಿ ಅಂತ ಯಾರೂ ಬಲವಂತ ಮಾಡೋ ಹಾಗಿಲ್ಲ. ಸುಮ್ಮನಿರೋದು ನಿಮ್ಮ ಹಕ್ಕು."

ನಮ್ಮ ವಂಶದಲ್ಲಿ ಆ ಹಕ್ಕನ್ನ ಇಲ್ಲೀವರೆಗೂ ಯಾರೂ ಬಳಸಿರಲಿಲ್ಲ.

ಮನೇಲಿ ತಾಲೀಮು ಶುರುವಾಯ್ತು. ನಾನು ಕಪ್ಪು ಕಂಬಳಿ ಹೊದ್ಕೊಂಡು, ಲಟ್ಟಣಿಗೆ ಕುಟ್ಟಿ ಜಡ್ಜ್ ಆದೆ. ಅಮ್ಮನ ಇಸ್ತ್ರಿ ಮೇಜು ಕಟಕಟೆ.

"ಹೆಸರು ಹೇಳಯ್ಯಾ." ಹೇಳಿದ.

"ಕೆಲಸ?"

"ಟೆಂಪೋ ಸ್ವಾಮಿ. ಈರುಳ್ಳಿ. ಮಳೇಲಿ ನೆಂದಿರೋದು ಇದ್ಯಲ್ಲಾ ಸ್ವಾಮಿ, ಅದನ್ನ ಮೂಟೆ ಕಟ್ಟಬಾರ್ದು, ಒಳಗಡೆ ಬಿಸಿಯಾಗಿ..."

"ಗಲ್ಲು!" ಅಂತ ಲಟ್ಟಣಿಗೆ ಕುಟ್ಟಿದೆ.

"ಲೋ ಮಗಾ, ಹೆಸರು ಕೆಲಸ ಹೇಳಿದ್ರೂ ಗಲ್ಲಾ?"

"ಬಾಯಿ ತೆಗೆದ್ರೆ ಗಲ್ಲು. ಮತ್ತೆ ಮೊದಲಿಂದ."

ಆಯುಧಪೂಜೆ ದಿನದ ವಿಷಯಕ್ಕೆ ಬಂದಾಗ ಮಾತ್ರ ಒಂದು ವಿಚಿತ್ರ ಆಗ್ತಿತ್ತು. "ಒಡೆದೋನು ಯಾರು?" ಅಂತ ನಾನು ಕೇಳಿದ್ರೆ ಮಾವ ತುಟಿ ಹೊಲ್ಕೊಂಡ ಹಾಗೆ ಕೂತ್ಬಿಡ್ತಿದ್ದ, ಅಜ್ಜಿ ಒಳಗಡೆ ಪಾತ್ರೆ ಬೀಳಿಸ್ತಿದ್ಳು. ನಾನು ತಾಲೀಮು ಚೆನ್ನಾಗಿ ಮಾಡಿಸಿದ್ದೀನಿ ಅಂತ ಬೀಗಿದೆ.

ಆರೋಪಿ ನೀವಾ, ಅವರಾ?

ಕೋರ್ಟಿನ ವರಾಂಡದಲ್ಲಿ ಇನ್ನೊಬ್ಬ ಆರೋಪಿ ಮಾವನಿಗೆ ಬುದ್ಧಿ ಹೇಳಿದ. "ಒಪ್ಕೊಂಡ್ಬಿಡು ಗುರು. ದಂಡ ಕಟ್ಟಿ ಹೋಗ್ತಾ ಇರು. ನಾನಂತೂ ಅವರು ಆರೋಪ ಓದೋದಕ್ಕೆ ಮುಂಚೇನೇ ಒಪ್ಕೊಂಡ್ಬಿಡ್ತೀನಿ."

"ಒಪ್ಕೊಂಡ್ರೆ ಅಪರಾಧಿ ಅಂತಾನೇ ಆಗುತ್ತೆ," ಅಂದ್ರು ಲಾಯರ್ ಮೇಡಂ. ಮಾವನ ಕಣ್ಮುಂದೆ ನಾಗಸಂದ್ರ ಮೆಟ್ರೋ ಹತ್ತಿ ಹೊರಟುಹೋಯ್ತು.

ಒಳಗೆ ಮ್ಯಾಜಿಸ್ಟ್ರೇಟರು ಆರೋಪ ಓದಿ, ಕನ್ನಡದಲ್ಲೇ ಬಿಡಿಸಿ ಹೇಳಿ, "ತಪ್ಪು ಒಪ್ಕೋತೀರಾ?" ಅಂದ್ರು. ಮಾವನ ಬಾಯಿ ತಾನಾಗೇ ತೆಗೀತು. "ಸ್ವಾಮಿ, ಅದೇನಾಯ್ತು ಅಂದ್ರೆ..."

"ಇಲ್ಲಾ ಅನ್ಲಾ ಮೂದೇವಿ!" ಹಿಂದಿನ ಬೆಂಚಿಂದ ಗುಡುಗು.

ಮ್ಯಾಜಿಸ್ಟ್ರೇಟರು ತಲೆ ಎತ್ತಿದ್ರು. "ಯಾರದು?"

"ನಮ್ಮಮ್ಮ ಸ್ವಾಮಿ," ಅಂದ ಮಾವ.

"ಇಲ್ಲಿ ಆರೋಪಿ ನೀವಾ, ಅವರಾ?"

ಕೋರ್ಟೆಲ್ಲಾ ನಕ್ಕಿತು. ಎಲ್ಲದಕ್ಕೂ ಎದುರುತ್ತರ ಕೊಡೋ ನಮ್ಮಜ್ಜಿ ಸೆರಗು ಬಾಯಿಗಿಟ್ಕೊಂಡು ಕೂತ್ಬಿಟ್ಳು. ಮಾವ ಗಂಟಲು ಸರಿ ಮಾಡ್ಕೊಂಡು, "ಇಲ್ಲ ಸ್ವಾಮಿ, ಒಪ್ಪಲ್ಲ" ಅಂದ.

ಹೆಗಲು

ವಿಚಾರಣೆ ದಿನ ಸ್ಕೂಟರ್ ಸಾರ್ ಬಂದು ಸಾಕ್ಷಿ ಹೇಳಿದ್ರು. ಕೈ ವಾಸಿಯಾಗಿತ್ತು, ಕೋಪ ವಾಸಿಯಾಗಿರಲಿಲ್ಲ.

ಮೇಡಂ ಪಾಟೀಸವಾಲಿಗೆ ಎದ್ರು. "ಇವರು ಒಡೆದಿದ್ದನ್ನ ನೋಡಿದ್ರಾ ಸಾರ್?"

"ಇಲ್ಲ. ನಾನು ಬೀಳೋದ್ರಲ್ಲಿ ಬ್ಯುಸಿ ಇದ್ದೆ."

"ಆವತ್ತು ಆ ರಸ್ತೇಲಿ ಬೇರೆ ಕುಂಬಳಕಾಯಿ ಒಡೆದಿದ್ರಾ?"

"ಗಾಡಿಗೊಂದು ಒಡೆದಿದ್ರು ಮೇಡಂ! ಅದು ರಸ್ತೆ ಅಲ್ಲ, ಪಲ್ಯ!"

ಆಮೇಲೆ ಹೆಡ್ ಸಾಹೇಬರ ಸರದಿ.

"ಆಯುಧಪೂಜೆ ದಿನ ಠಾಣೆ ಜೀಪಿಗೆ ಪೂಜೆ ಮಾಡಿದ್ರಾ?"

"ಮಾಡೀವ್ರಿ. ಪ್ರತಿ ವರ್ಷ ಮಾಡ್ತೀವಿ."

"ಕುಂಬಳಕಾಯಿ?"

ಸಾಹೇಬರು ಕ್ಯಾಪ್ ಸರಿ ಮಾಡ್ಕೊಂಡ್ರು. "ಒಡೆದೀವ್ರಿ."

"ಎಲ್ಲಿ?"

"ಠಾಣೆ ಮುಂದ... ರಸ್ತಾದಾಗ."

"ಸಾರ್ ಜಾರಿದ್ದು ಟೆಂಪೋ ಕಾಯಿ ಮೇಲೋ, ಜೀಪಿನ ಕಾಯಿ ಮೇಲೋ?"

"ಅದನ್ನ ಹಸುನ ಕೇಳಬೇಕ್ರಿ."

ಮಾವನ ಸರದಿ ಬಂತು. "ಏನಾದ್ರೂ ಹೇಳೋದಿದ್ಯಾ?" ಅಂತ ಮ್ಯಾಜಿಸ್ಟ್ರೇಟರು ಕೇಳಿದ್ರು. ಈರುಳ್ಳಿ ಬರುತ್ತೆ ಅಂದ್ಕೊಂಡೆ. ಮಾವ ಒಂದು ಸಲ ಹಿಂದಿನ ಬೆಂಚು ನೋಡಿ, "ಏನೂ ಇಲ್ಲ ಸ್ವಾಮಿ" ಅಂದ. ಹುಟ್ಟಿದಾಗಿಂದ ಅವನು ಆಡಿದ್ದರಲ್ಲಿ ಅತಿ ಚಿಕ್ಕ ಭಾಷಣ ಅದು.

ತೀರ್ಪಿನ ದಿನ, ಯಾರು ಒಡೆದ್ರು, ಯಾವ ಕಾಯಿ ಮೇಲೆ ಜಾರಿದ್ರು ಅಂತ ಸಾಬೀತಾಗಿಲ್ಲ, ಸಂಶಯದ ಲಾಭ ಆರೋಪಿಗೆ, ಬಿಡುಗಡೆ ಅಂದ್ರು. ಮಾವ ಅಲ್ಲೇ ನಾಗಸಂದ್ರಕ್ಕೆ ಫೋನ್ ಹಚ್ಚೋಕೆ ಹೋದ, ಹೊರಗೆ ಹೋಗಿ ಮಾಡು ಅಂತ ಬೈಸ್ಕೊಂಡ.

ಮ್ಯಾಜಿಸ್ಟ್ರೇಟರು ಫೈಲು ಮುಚ್ಚಿ, ನಗ್ತಾ, "ಕೇಸೇನೋ ಮುಗೀತು. ಅದ್ಸರಿ, ಆ ಟೆಂಪೋ ಕುಂಬಳಕಾಯಿ ಒಡೆದೋರು ಯಾರ್ರೀ?" ಅಂದ್ರು.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತ ಗಾದೆ ಇದ್ಯಲ್ಲಾ? ಮಾವ ನೆಲ ನೋಡ್ದ. ಹಿಂದಿನ ಬೆಂಚಲ್ಲಿ ನಮ್ಮಜ್ಜಿ ಮೆಲ್ಲಗೆ ಸೆರಗಿಂದ ಹೆಗಲು ಒರೆಸ್ಕೊಂಡ್ಳು. ಮಗನ ದೃಷ್ಟಿ ಬೇರೆಯೋರು ತೆಗೆದ್ರೆ ಹೋಗಲ್ಲ ಅಂತ ತಾನೇ ಎತ್ತಿ ಕುಕ್ಕಿದ್ಳು. ಮಾವ ಅಷ್ಟು ದಿನ ಬಾಯಿ ಹೊಲ್ಕೊಂಡಿದ್ದು ನನ್ನ ತಾಲೀಮಿಗಲ್ಲ.

ಹೆಗಲಿನ ವಿಷಯ ಇದ್ಯಲ್ಲಾ, ಅದು ನಾನು ಕಟ್ಟಿದ್ದು. ಮ್ಯಾಜಿಸ್ಟ್ರೇಟರು ಏನೂ ಕೇಳ್ಲಿಲ್ಲ, ಅಜ್ಜಿ ಏನೂ ಒರೆಸ್ಕೊಳ್ಳಲಿಲ್ಲ, ಕಾಯಿ ಯಾರು ಒಡೆದ್ರೋ ಆ ದೇವರಿಗೇ ಗೊತ್ತು. ಬಿಡುಗಡೆ ಆಗಿದ್ದು, ಮದುವೆ ಗೊತ್ತಾಗಿದ್ದು ಮಾತ್ರ ನಿಜ. ಇಷ್ಟು ಸಾಕಾ ಅಜ್ಜಿ? ಸಾಕಂತೆ. ಲಟ್ಟಣಿಗೆ ಕೆಳಗಿಟ್ಳು.